ಕುಬಸಕ್ಕೆ ಬೇಡವೆಂದ ಪದ

ಬ್ಯಾಡಗಿಯ ನಮ್ಮ ಮನೆಯಲ್ಲಿ ಅಂದು ಸೊಸೆ ಭುವನಾಳ ಕುಬಸ. ಏಳನೆಯ ತಿಂಗಳು. ತವರಿನವರು ತಂದ ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು, ಪಡಸಾಲೆಯ ನಡುವೆ ಮಣೆಯ ಮೇಲೆ ಕುಳಿತಿದ್ದಳು. ಮುಖ ಮಾತ್ರ ಬೇರೆ ಯಾರದೋ ಕುಬಸಕ್ಕೆ ಬಂದವಳಂತಿತ್ತು. ಹೋದ ವರ್ಷ ಒಂದು ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತು. ಆ ಹೆದರಿಕೆ ಇರಬೇಕು ಎಂದುಕೊಂಡೆ.

ನಮ್ಮಲ್ಲಿ ಬಸುರಿಯನ್ನು ಕೂರಿಸಿದ ಮೇಲೆ ಬಂದ ಹೆಂಗಸರೆಲ್ಲ ಒಂದೊಂದು ಪದ ಹಾಡಬೇಕು, ಆಮೇಲೇ ಆರತಿ. ಹಾಡಲು ಬಾರದವರನ್ನೂ ಬಿಡುವುದಿಲ್ಲ. ಪಕ್ಕದ ಮನೆಯ ಸೈದಾಬಿ, "ನಾ ಹಾಡಿದ್ರ ಕೂಸು ಒಳಗ ಕಿವಿ ಮುಚ್ಚಿಕೋತೈತಿ ನೋಡ್ರಿ" ಎಂದು ನಗಿಸುತ್ತಲೇ ಎರಡು ನುಡಿ ಹಾಡಿದಳು. ನಾನು ಒಂದು ವಚನ ಹೇಳಿದೆ. ಅಪ್ಪ ಬೆಳಗಿನ ಪೂಜೆಯಲ್ಲಿ ಗಟ್ಟಿಯಾಗಿ ವಚನ ಹೇಳುವುದನ್ನು ಕೇಳುತ್ತಲೇ ಬೆಳೆದವಳು ನಾನು. ರಾಗ ಬಾರದು, ಒಂದಕ್ಷರವೂ ತಪ್ಪುವುದಿಲ್ಲ.

ಕೊನೆಗೆ ಉಳಿದವಳು ಶ್ವೇತಾ. ರಾಣೇಬೆನ್ನೂರಿನ ಬೀಜದ ಕಂಪನಿಯಲ್ಲಿ ಭುವನಾಳ ಜೊತೆ ಕೆಲಸ ಮಾಡುವ ಹುಡುಗಿ, ಅಲ್ಲಿಯ ಚರ್ಚಿನಲ್ಲಿ ಹಾಡುವವಳು. ಅವಳು ಯಾವ ಪದ ಹಾಡಬೇಕೆಂಬುದನ್ನು ನನ್ನ ದೊಡ್ಡ ನಾದಿನಿ ಶಾರದವ್ವ ಆಗಲೇ ಗೊತ್ತುಮಾಡಿದ್ದಳು.

"ನಮ್ಮ ಭುವನಾಗ ಕಲಿಸೀಯಲ್ಲ, ಆ ಹೊರದೇಶದ ದೇವರ ಪದಾ, ಅದನ್ನ ಹಾಡು. ನನ್ನ ಸೊಸಿ ಹೊಟ್ಟ್ಯಾಗಿನ ಕೂಸಿಗೆ ಜೋಗುಳಾ ಹಾಡತಾಳಂತ ಮುತ್ತವ್ವ ಓಣಿ ತುಂಬ ಹೇಳಿಕೊಂತ ತಿರಗ್ಯಾಳ. ನಾವೂ ಕೇಳೂಣು."

ಸುಳ್ಳಲ್ಲ, ನಾನೇ ಹೇಳಿದ್ದೆ. ಭುವನಾ ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಹಿತ್ತಲ ಕಟ್ಟೆಯ ಮೇಲೆ ಕುಳಿತು ಅದನ್ನು ಮೆಲ್ಲಗೆ ಹಾಡುತ್ತಿದ್ದಳು. ಅಮೆರಿಕದ ಮೂಲನಿವಾಸಿಗಳು ಚೆರೋಕಿ ಎಂಬ ಜನರಂತೆ, ಅವರ ಭಾಷೆಯಂತೆ, ಯೇಸುವಿನ ಪದವಂತೆ. ನನಗೆ ತಿಳಿದದ್ದು ಅಷ್ಟೇ. ಒಂದು ಮಾತೂ ಅರ್ಥವಾಗದಿದ್ದರೂ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ನನ್ನ ಕೈ ತಾನೇ ನಿಧಾನವಾಗುತ್ತಿತ್ತು. ದೇವರನ್ನು ಕರೆಯುವ ದನಿ ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತದೆ.

ಶ್ವೇತಾಳ ಮುಖ ಬಿಳಿಚಿತು. "ಆ ಪದಾ ಬ್ಯಾಡ್ರಿ. ಬ್ಯಾರೇದ ಹಾಡತೇನಿ."

"ಯಾಕ? ನಮ್ಮ ಮನ್ಯಾಗ ಹಾಡಿದ್ರ ನಿಮ್ಮ ಪಾಸ್ಟರು ಬೈತಾರೇನು?" ಎಂದಳು ಶಾರದವ್ವ. ಹೆಂಗಸರು ನಕ್ಕರು.

"ಹಂಗಲ್ರಿ ಅವ್ವಾರ. ಕುಬಸದಾಗ ಹಾಡೂ ಪದಾ ಅಲ್ರಿ ಅದು."

"ದೇವರ ಪದಕ್ಕ ಕುಬಸ ಯಾವುದು, ಮದವಿ ಯಾವುದು? ಬಿಂಕಾ ಮಾಡಬ್ಯಾಡ, ಹಾಡು."

ಶ್ವೇತಾ ಭುವನಾಳನ್ನು ನೋಡಿದಳು. ಭುವನಾ ತಲೆ ಎತ್ತಲಿಲ್ಲ.

"ಅದು ಸತ್ತವರನ್ನ ಹೂಳೂ ಮುಂದ ಹಾಡಿದ ಪದಾರಿ," ಎಂದಳು ಶ್ವೇತಾ. "ದಂಡಿನವರು ಆ ಜನರನ್ನ ಊರ ಬಿಡಿಸಿ, ಚಳಿಯಾಗ ನಡಿಸಿಕೊಂತ ಒಯ್ದರಂತ. ದಾರ್ಯಾಗ ಮುದುಕರು, ಕೂಸುಗಳು ಸತ್ತುವಂತ. ನಿಂತು ಅಳಾಕೂ ಪುರಸೊತ್ತಿಲ್ಲ. ಇದೊಂದ ಹಾಡಿ, ಮಣ್ಣ ಮುಚ್ಚಿ, ಮುಂದ ನಡೀತಿದ್ದರಂತ."

ಸೈದಾಬಿ ಸೆರಗನ್ನು ಬಾಯಿಗಿಟ್ಟುಕೊಂಡಳು. ಆ ಪದಕ್ಕೆ ನಾನು ತಲೆದೂಗಿದ್ದೆ. ದಿನಾ ಸಂಜೆ, ನನ್ನ ಮನೆಯ ಹಿತ್ತಲಲ್ಲಿ, ಬಸುರಿಯ ಬಾಯಿಂದ.

"ಹಸರ ಉಟ್ಟ ಹೆಂಗಸಿಗೆ ಸಾವಿನ ಪದಾ ಕಲಿಸೀಯಲ್ಲ," ಶಾರದವ್ವ ಆರತಿಯ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು, "ನಿನಗ ಕರಳ ಐತಿಲ್ಲೇನ? ಒಂದು ಹೋಗಿದ್ದು ಸಾಲದಾತೇನ?"

"ಆಕೀಗೆ ಬೈಬ್ಯಾಡ್ರಿ." ಭುವನಾ ಬಾಯಿಬಿಟ್ಟಳು. "ಅರ್ಥಾ ಹೇಳೇ ಕಲಿಸ್ಯಾಳ. ಕಲಿಸು ಅಂತ ಬೆನ್ನ ಹತ್ತಿದಾಕಿ ನಾನ."

ಭುವನಾ ನನ್ನತ್ತ ತಿರುಗಿದಳು.

"ಒಳಗಿನ ಕೂಸಿಗೆ ನಾ ಯಾವತ್ತೂ ಹಾಡಿಲ್ಲರಿ ಅತ್ತಿ. ಹೋದ ಕೂಸಿಗೆ ಹಾಡೇನಿ. ಅದರ ಮಾರಿ ಸೈತ ನನಗ ತೋರಸಲಿಲ್ಲ. ಎಲ್ಲಿ ಮಣ್ಣ ಮಾಡ್ಯಾರ ಅಂತ ಕೇಳಿದ್ರ, ಮರೀ ಅಂದ್ರು."

"ಹಾಡೂದಿದ್ರ ಕನ್ನಡದಾಗ ಹಾಡಬೇಕಿತ್ತಿಲ್ಲ ತಂಗಿ," ಎಂದಳು ಸೈದಾಬಿ ಮೆತ್ತಗೆ.

"ಕನ್ನಡದಾಗ ಹಾಡಿದ್ರ ಎಲ್ಲಾರಿಗೂ ತಿಳೀತಿತ್ತರಿ. ತಿಳದ ಮ್ಯಾಲ ಅದನ್ನೂ ಬಿಡಸತಿದ್ರಿ."

ಏಟು ಬಿದ್ದಂತಾಯಿತು. ಎದ್ದು ಹೊರಗೆ ಹೋದೆ. ಗಂಡಸರು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಮೆಣಸಿನಕಾಯಿ ಧಾರಣೆಯ ಮಾತಿನಲ್ಲಿದ್ದರು. ಮಗ ವೀರೇಂದ್ರನ ತೋಳು ಹಿಡಿದು ಪಡಸಾಲೆಗೆ ಎಳೆದುಕೊಂಡು ಬಂದೆ.

"ಆ ಕೂಸನ್ನ ಎಲ್ಲಿ ಮಣ್ಣ ಮಾಡೀದಿ? ನಿನ್ನ ಹೆಂಡತಿ ಮುಂದ ಹೇಳು."

ಅವನು ಹೆಂಗಸರನ್ನೆಲ್ಲ ನೋಡಿ ಗೋಡೆಗೆ ಆತುಕೊಂಡ. "ಯಾಕವ್ವಾ ಇವತ್ತ..."

"ಹೇಳು."

"ನಮ್ಮ ಹೊಲದಾಗ. ಬದುವಿನ ಬನ್ನಿ ಗಿಡದ ಬುಡಕ."

ಭುವನಾಳ ಬಾಯಿಂದ ಒಂದು ಸದ್ದು ಬಂತು. ಬಿತ್ತನೆಯಲ್ಲಿ ಆ ಗಿಡದ ನೆರಳಿನಲ್ಲೇ ಅವಳು ಎಲ್ಲರಿಗೂ ರೊಟ್ಟಿ ಬಡಿಸಿದ್ದಳು.

"ಮಣ್ಣ ಮಾಡೂ ಮುಂದ ಏನರ ಹೇಳಿದ್ಯಾ? ಒಂದ ವಚನಾ?" ಎಂದು ಕೇಳಿದೆ.

"ಇಲ್ಲವ್ವಾ. ಏನ ಹೇಳಬೇಕಂತ ತಿಳೀಲಿಲ್ಲ. ಲಗೂ ಲಗೂ ಮಣ್ಣ ಎಳದ ಬಂದೆ." ಅವನು ಅಷ್ಟು ಜನರ ಮುಂದೆ ಕೂಸಿನಂತೆ ಅತ್ತುಬಿಟ್ಟ.

ಭುವನಾ ಮಣೆಯಿಂದ ಎದ್ದಳು. "ಒಂದ ಸಲಾ ಅಲ್ಲಿ ನಿಂತು ಹಾಡಿ ಬರ್ತೇನ್ರಿ ಅತ್ತಿ."

ಶಾರದವ್ವ ಹೊಸ್ತಿಲಿಗೆ ಅಡ್ಡ ನಿಂತಳು. "ಹುಚ್ಚ ಹಿಡದೈತೇನ? ಆರತಿ ಆಗಿಲ್ಲ. ಬಸರಿ ಹೆಂಗಸು ಹೂಳಿದ ಜಾಗಾಕ್ಕ ಹೋಗೂದೇನ? ಮುತ್ತವ್ವ, ನೀನರ ಹೇಳು."

ಎಲ್ಲರೂ ನನ್ನತ್ತ ತಿರುಗಿದರು. ನನಗೂ ಹೆದರಿಕೆಯಿತ್ತು, ಇಲ್ಲವೆನ್ನಲಾರೆ. ಒಳಗಿರುವ ಕೂಸಿಗೆ ಏನಾದರೂ ಆದರೆ ಜನ್ಮವಿಡೀ ಈ ಓಣಿ ನನ್ನನ್ನೇ ಬೆರಳು ಮಾಡಿ ತೋರಿಸುತ್ತದೆ. ಆದರೆ ದಿನಾ ಸಂಜೆ ನಾನು ಕೇಳಿದ್ದು ಕೇಡಿನ ದನಿಯಲ್ಲ. ಅದು ನನ್ನ ಕಿವಿಗೆ ಗೊತ್ತಿತ್ತು.

"ಹಾದಿ ಬಿಡ್ರಿ ಶಾರದಕ್ಕ," ಎಂದೆ. "ಆರತಿ ಬಂದು ಮಾಡೂಣು. ವೀರೂ, ಗಾಡಿ ತಗಿ."

ಶಾರದವ್ವ ಸರಿಯಲಿಲ್ಲ. ಭುವನಾ ಅವಳ ಕೈಯನ್ನು ತಾನೇ ಮೆಲ್ಲಗೆ ಎತ್ತಿ ದಾಟಿದಳು. ಅಂಗಳದಲ್ಲಿ ನಿಂತು ತಿರುಗಿ, ಶ್ವೇತಾಳನ್ನು ಕರೆದಳು.

"ನೀನೂ ಬಾ. ಎರಡನೇ ನುಡಿ ನನಗ ಇನ್ನೂ ಸರಿಯಾಗಿ ಬರೂದಿಲ್ಲ."