ಬರೋ ಸಿನಿಮಾ, ಓದೋ ಪುಸ್ತಕ

"ಪುಸ್ತಕದ ಹೆಸ್ರು ಅಳಿಸು. ಸಿನಿಮಾ ಹೆಸ್ರು ಹಂಗೇ ಇರ್ಲಿ."

ಮೃತ್ಯುಂಜಯ ಒದ್ದೆ ಬಟ್ಟೆಯನ್ನು ಭವ್ಯಳ ಮುಂದೆ ಹಿಡಿದ. ಅವಳು ಕೈ ಚಾಚಲಿಲ್ಲ. ಗ್ರಂಥಾಲಯದ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಬಟ್ಟೆಯಿಂದ ನೀರು ತೊಟ್ಟಿಕ್ಕಿ ಅವನ ಬಿಳಿ ಚಪ್ಪಲಿಯ ಮೇಲೆ ಬೀಳುತ್ತಿತ್ತು.

"ಯಾಕೆ ಸಾರ್?"

"ಯಾಕೆ ಅಂತ ಕೇಳ್ತೀಯಲ್ಲಮ್ಮ. ನಾಳೆ ಸಿನಿಮಾದವ್ರು ಬತ್ತಾವ್ರೆ. ಹೀರೋಯಿನ್ನು, ಡೈರೆಕ್ಟ್ರು, ಟೀವಿಯವ್ರು, ಎಲ್ಲಾ ಇದೇ ಬೀದೀಲಿ ನಡ್ಕ ಹೋಯ್ತಾರೆ. ಅವ್ರ ಕಣ್ಗೆ ಇದು ಬೀಳ್ಬೇಕಾ?"

"ಅವ್ರದ್ದೇ ಕತೆ ಸಾರ್. ಆ ಪುಸ್ತಕದಿಂದ್ಲೇ ಸಿನಿಮಾ ಮಾಡಿರೋದು."

"ನಂಗೆ ಪಾಠ ಹೇಳ್ಬೇಡ."

ಬಾಗಿಲ ಪಕ್ಕದ ಕರಿಹಲಗೆಯ ಕಡೆ ತಿರುಗಿ ಅವನೇ ಒರೆಸಿದ. ಮೊದಲು ಒಂದು ಸಾಲು. ಆಮೇಲೆ ಏನನ್ನಿಸಿತೋ, ಮೇಲಿನಿಂದ ಕೆಳಗಿನವರೆಗೆ ಬಲಗಡೆಯ ಅರ್ಧವನ್ನೆಲ್ಲ ಒರೆಸಿಬಿಟ್ಟ. ಆನೆ ಸಿನಿಮಾದ ಎದುರಿಗಿದ್ದ ಕಾಡಿನ ಪುಸ್ತಕ ಹೋಯಿತು. ದೆವ್ವದ ಸಿನಿಮಾದ ಎದುರಿಗಿದ್ದ ಮೂಢನಂಬಿಕೆಯ ಪುಸ್ತಕ ಹೋಯಿತು. ಕುಸ್ತಿ ಸಿನಿಮಾದ ಎದುರಿನ ಪೈಲ್ವಾನನ ಆತ್ಮಕಥೆಯೂ ಹೋಯಿತು.

"ನಾಳೆ ಮತ್ತೆ ಬರ್ದಿದ್ರೆ ನೋಡು. ನಿನ್ನ ಬದ್ಲು ಬೇರೆಯವ್ರ್ನ ಹಾಕಿ ಅಂತ ಪಂಚಾಯ್ತಿಯಿಂದ ಬರ್ದು ಕಳಿಸ್ತೀನಿ. ಅಧ್ಯಕ್ಷರ ಸೈನ್ ಬೇಕಂದ್ರೆ ಮನೇಲೇ ಅದೆ." ಬಟ್ಟೆಯನ್ನು ಮೆಟ್ಟಿಲ ಮೇಲೆ ಎಸೆದು ಬುಲೆಟ್ ಹತ್ತಿದ. ಹೊರಡುವ ಮುನ್ನ ಇನ್ನೊಂದು ಮಾತು ಸೇರಿಸಿದ. "ಬೆಳಿಗ್ಗೆ ಈ ಬೀದೀಲಿ ಪ್ರತಿಯೊಂದು ಬಾಗಿಲ ಮುಂದ್ಲೂ ದೊಡ್ಡ ರಂಗೋಲಿ ಇರ್ಬೇಕು ಅಂತ ಹೇಳಿವ್ನಿ. ಲೈಬ್ರರಿ ಮುಂದೆ ನೀನು ಬುಡು. ಸಣ್ಣದ್ ಬುಟ್ಟು ಮರ್ಯಾದೆ ಕಳೀಬೇಡ."

ಗ್ರಾಮ ಪಂಚಾಯಿತಿಯ ಅಧ್ಯಕ್ಷೆ ಅವನ ಹೆಂಡತಿ ಶಿವರಂಜನಿ. ಆದರೆ ಊರಿನಲ್ಲಿ ಅಧ್ಯಕ್ಷರು ಎಂದರೆ ಮೃತ್ಯುಂಜಯನೇ. ಸಭೆಯಲ್ಲಿ ಕುರ್ಚಿ ಅವನದು, ಮಾತು ಅವನದು. ಅವಳದ್ದೇನಿದ್ದರೂ ಅವನು ಬೆರಳಿಟ್ಟು ತೋರಿಸಿದಲ್ಲಿ ಹಾಕುವ ಸಹಿ. ಗ್ರಂಥಾಲಯದ ಎದುರುಮನೆಯೇ ಅವರದು. ನಡುವೆ ಇರುವುದು ಒಂದು ಕಾರು ಹೋಗುವಷ್ಟು ಅಗಲದ ಸಿಮೆಂಟು ಬೀದಿ, ಅದರ ಒಂದು ಮಗ್ಗುಲಿಗೆ ಚರಂಡಿ.

ಹಲಗೆ ಭವ್ಯಳ ಹುಚ್ಚು. ಅವಳು ಇಲ್ಲಿಗೆ ಮೇಲ್ವಿಚಾರಕಿಯಾಗಿ ಬಂದ ಹೊಸತರಲ್ಲಿ ಹೈಸ್ಕೂಲು, ಕಾಲೇಜಿನ ಹುಡುಗರು ಗ್ರಂಥಾಲಯಕ್ಕೆ ಬರುತ್ತಿದ್ದದ್ದು ಫೋನು ಚಾರ್ಜಿಗೆ ಹಾಕಲು, ಬಿಟ್ಟಿ ವೈಫೈ ಹಿಡಿಯಲು. ಗೋಡೆಗೆ ಒರಗಿ ಕೂತು ಟ್ರೇಲರ್ ನೋಡುತ್ತಿದ್ದರು. ಪುಸ್ತಕ ಓದ್ರೋ ಎಂದರೆ ಹಲ್ಲು ಕಿಸಿಯುತ್ತಿದ್ದರು. ಒಂದು ದಿನ ಅವಳೇ ಅವರ ಪಕ್ಕ ಕೂತು, ಮುಂದಿನ ತಿಂಗಳು ಯಾವ್ಯಾವ ಸಿನಿಮಾ ಬರುತ್ತದೆ ಎಂದು ಕೇಳಿ ಬರೆದುಕೊಂಡಳು. ಮರುದಿನ ಹಲಗೆಯ ಎಡಕ್ಕೆ 'ಬರೋ ಸಿನಿಮಾ', ಬಲಕ್ಕೆ 'ಓದೋ ಪುಸ್ತಕ' ಬಂದವು. ಆನೆ ಸಿನಿಮಾಕ್ಕೆ ಕಾದಿದ್ದ ಹುಡುಗರು ಕಾಡಿನ ಪುಸ್ತಕ ಓದಿ, ಸಿನಿಮಾ ನೋಡಿ ಬಂದು, "ಅಕ್ಕ, ಆ ಡೈರೆಕ್ಟ್ರು ಜೀವಮಾನದಲ್ಲಿ ಆನೆ ಲದ್ದಿ ನೋಡಿಲ್ಲ" ಎಂದು ತೀರ್ಪು ಕೊಟ್ಟರು. ಅವತ್ತಿನಿಂದ ಹಲಗೆ ಒಂದು ವಾರವೂ ಖಾಲಿ ಇರಲಿಲ್ಲ.

ಈ ಸಲದ ಸಿನಿಮಾ ಊರಿನದೇ. ಹೋದ ಆಷಾಢದಲ್ಲಿ ಚೆಂಡುಹೂವಿನ ಹೊಲಗಳಲ್ಲಿ ಕ್ಯಾಮೆರಾ ಇಟ್ಟು, ಮೇಲೆ ಡ್ರೋನು ಹಾರಿಸಿ ತೆಗೆದ 'ಚಿನ್ನದಂಥ ಪಟೇಲ'. ಪೋಸ್ಟರಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಕೆಂಪಮ್ಮನ ಬೀದಿ ಕಾದಂಬರಿ ಆಧಾರಿತ' ಎಂದಿತ್ತು. ಆ ಕಾದಂಬರಿ ಗ್ರಂಥಾಲಯದ ಹಳೇ ಗೋಣಿಚೀಲವೊಂದರಲ್ಲಿ ಭವ್ಯಳಿಗೆ ಸಿಕ್ಕಿತ್ತು. ಬರೆದವರು ಹಿಂದೆ ಇದೇ ಊರಿನ ಶಾಲೆಯಲ್ಲಿದ್ದ ಮೇಷ್ಟರು, ಈಗಿಲ್ಲ. ಕೇರಿಯ ಮಕ್ಕಳು ಊರ ಮುಂದಿನ ಬೀದಿಯಲ್ಲಿ ಹಾದು ಶಾಲೆಗೆ ಹೋಗಬಾರದೆಂದು ಊರಿನ ಪಟೇಲ ಬೀದಿಯ ಬಾಯಿಗೆ ಜಾಲಿಮುಳ್ಳು ಕಟ್ಟಿಸುತ್ತಾನೆ. ಮಕ್ಕಳು ತಿಪ್ಪೆ ದಾಟಿ, ಕೆರೆಯ ಹಿಂದಿನಿಂದ ಸುತ್ತಿಕೊಂಡು ಹೋಗುತ್ತವೆ. ಒಂದು ಬೆಳಿಗ್ಗೆ ಕೆಂಪಮ್ಮ ಎನ್ನುವವಳು ಬಂದು ಆ ಮುಳ್ಳನ್ನು ಬರಿಗೈಯಲ್ಲಿ ಕಿತ್ತು ಹಾಕುತ್ತಾಳೆ. ಕಾದಂಬರಿ ಅಷ್ಟೇ.

ಮೃತ್ಯುಂಜಯ ಅದನ್ನು ಓದಿರಲಿಲ್ಲ. ಈ ಊರಿನಲ್ಲೇ ನಡೆದ ಕತೆ ಎಂದು ಸಿನಿಮಾದವರು ಅಂದದ್ದೇ ಸಾಕಾಯಿತು, ಹಾಗಾದರೆ ಪಟೇಲ ತನ್ನ ತಾತನೇ ಎಂದು ಟೀವಿಯವರ ಮುಂದೆ ಎದೆ ಉಬ್ಬಿಸಿ ಹೇಳಿದ. ಬಸ್‌ಸ್ಟ್ಯಾಂಡಿನಲ್ಲಿ ಆಳೆತ್ತರದ ಫ್ಲೆಕ್ಸು ಎದ್ದಿತು. ಪೇಟ ಸುತ್ತಿದ, ಹಣೆ ತುಂಬ ವಿಭೂತಿ ಧರಿಸಿದ ಪುಟ್ಟಬಸಪ್ಪನವರ ಭಾವಚಿತ್ರ. ಕೆಳಗೆ, 'ಚಿನ್ನದಂಥ ಪಟೇಲ ಪಾತ್ರಕ್ಕೆ ಸ್ಫೂರ್ತಿ ನಮ್ಮ ತಾತ'. ಕಾದಂಬರಿ ಓದಿದ ಹುಡುಗರು ಫ್ಲೆಕ್ಸಿನ ಕೆಳಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅವನ ಕಿವಿಗೆ ಬಿದ್ದದ್ದು ಇವತ್ತು ಬೆಳಿಗ್ಗೆ.

ಸಂಜೆ ಹುಡುಗರು ಬಂದು ಅರ್ಧ ಹಲಗೆ ನೋಡಿ ನಿಂತರು.

"ಯಾರಕ್ಕ ಒರೆಸ್ದೋರು?" ಶಿವಮಲ್ಲು ಕೇಳಿದ. ಆಮೇಲೆ ಪಕ್ಕದಲ್ಲಿದ್ದ ದಿಲೀಪನ ಮುಖ ನೋಡಿ, "ಬುಡಕ್ಕ, ಗೊತ್ತಾಯ್ತು" ಎಂದ.

ದಿಲೀಪ ಮೃತ್ಯುಂಜಯನ ಮಗ. ತಲೆ ಕೆರೆದುಕೊಂಡ. "ನಮ್ಮಪ್ಪ ಪುಸ್ತಕ ಓದಿಲ್ಲ ಕಣ್ಲಾ. ಬರೀ ಟ್ರೇಲರ್ ನೋಡವ್ರೆ."

"ಟ್ರೇಲರ್‌ನಲ್ಲಿ ಮುಳ್ಳು ಕೀಳೋದು ಯಾರು ಹೇಳು?" ಶಿವಮಲ್ಲು ಕೆಣಕಿದ.

"ಪಟೇಲ್ರು."

"ಸ್ಲೋಮೋಷನ್ನಲ್ಲಿ ಕಣ್ಲಾ! ಹಿಂದ್ಗಡೆ ತಮಟೆ ಮ್ಯೂಸಿಕ್ಕು. ಕೆಂಪಮ್ಮ ಎಲ್ಲಿ ಅಂದ್ರ ಹೂವಿನ ಹೊಲ್ದಲ್ಲಿ ಡ್ಯಾನ್ಸ್ ಮಾಡ್ತಾವ್ಳ."

ಎಲ್ಲರೂ ನಕ್ಕರು. ರಮ್ಯ ನಗಲಿಲ್ಲ. ಅವಳು ಪಿಯುಸಿ ಓದುವ ಹುಡುಗಿ, ಕೇರಿಯವಳು. ಕೆಂಪಮ್ಮ ಎಂದು ಮೇಷ್ಟರು ಬರೆದದ್ದು ಅವಳ ಅಜ್ಜಿಯ ಅವ್ವನನ್ನು.

"ದಿಲೀಪ, ಪುಸ್ತಕ ನಿನ್ ಹತ್ರ ಅದಲ್ಲ, ಎಲ್ಲಿ?" ಎಂದಳು.

"ಮನೇಲದೆ. ಅವ್ವ ಕೊಡ್ತಿಲ್ಲ."

"ಹರ್ದಾಕ್‌ಬುಟ್ರಾ?"

"ಇಲ್ಲಮ್ಮಿ. ಇನ್ನೂ ಮುಗ್ಸಿಲ್ಲ, ತಡಿ ಅಂತಾಳೆ."

ರಮ್ಯ ಸೀಮೆಸುಣ್ಣ ತೆಗೆದು ಭವ್ಯಳ ಕಡೆ ಚಾಚಿದಳು. "ಅಕ್ಕ, ಬರೀರಿ."

"ಬರುದ್ರ ಕೆಲ್ಸ ಹೋಯ್ತದ ಕಣಮ್ಮಿ."

"ಹಂಗಾರ ನಾನು ಬರೀತೀನಿ."

"ನೀನು ಬರುದ್ರೂ ನನ್ ಕೆಲ್ಸನೇ ಹೋಗೋದು." ಭವ್ಯಳ ದನಿ ಗಡುಸಾಯಿತು. "ಆಮೇಲೆ ಇಲ್ಲಿಗೆ ಬರೋನು ಅವ್ರ ಕಡೆಯೋನು. ನಿಮ್ಗೆ ಈ ಬಾಗ್ಲೂ ಇರಕಿಲ್ಲ, ಈ ಬೋರ್ಡೂ ಇರಕಿಲ್ಲ. ಸುಮ್ಕ ಮನ್ಗ ನಡೀರಿ ಎಲ್ಲಾರೂ."

ರಮ್ಯ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. "ಕೆಂಪಮ್ಮಂಗ ಗೌರ್ಮೆಂಟ್ ಕೆಲ್ಸ ಇರ್ಲಿಲ್ಲ ಬುಡಿ," ಎಂದು ಹೇಳಿ ಮೆಟ್ಟಿಲು ಇಳಿದಳು.

ಬಾಗಿಲು ಹಾಕಿ ಭವ್ಯ ಮನೆಗೆ ನಡೆದಳು. ಅವಳ ಮನೆಯೂ ಕೇರಿಯಲ್ಲೇ. ಕೆಲಸ ಸಿಕ್ಕ ದಿನ ಅವಳಪ್ಪ ರಂಗಸ್ವಾಮಿ ಕೇರಿಗೆಲ್ಲ ಖಾರಾಬೂಂದಿ ಹಂಚಿದ್ದ. ಊರಿನ ಮುಂದಿನ ಬೀದಿಯಲ್ಲಿ, ಸರ್ಕಾರದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಕೇರಿಯ ಮೊದಲ ಹೆಣ್ಣುಮಗಳು ಅವಳು. ಆ ಬೀಗದ ಕೈ ಈಗ ಸೊಂಟಕ್ಕೆ ಒತ್ತುತ್ತಿತ್ತು.

ರಮ್ಯಳ ಅಜ್ಜಿ ಮಾದಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಭವ್ಯಳನ್ನು ಕಂಡು ಮೊರ ಸರಿಸಿದಳು.

"ಬಾವ್ವ. ನಮ್ಮುಡ್ಗಿ ಬುಸುಬುಸು ಅಂದ್ಕಂಡು ಬಂದ್ಲು. ಏನಾಯ್ತು?"

ಭವ್ಯ ಹೇಳಿದಳು. ಟ್ರೇಲರಿನ ಸಂಗತಿಯನ್ನೂ ಹೇಳಿದಳು, ಪಟೇಲರು ಮುಳ್ಳು ಕೀಳುವುದನ್ನು.

ಮಾದಮ್ಮ ಕೈಲಿದ್ದ ಅವರೆಕಾಯಿಯನ್ನು ಸುಲಿಯದೆ ಹಾಗೇ ಹಿಡಿದುಕೊಂಡಳು. "ಯಾರು, ಪುಟ್ಟಬಸಪ್ನೋರಾ?"

"ಊಂ."

"ನಮ್ಮವ್ವನ ಅಂಗೈ ನೀನು ನೋಡಿಲ್ಲ. ಸಾಯಗಂಟ ಬಲಗೈ ಪೂರಾ ಮುಚ್ಚಕ್ಕ ಆಯ್ತಿರ್ನಿಲ್ಲ ಅವ್ಳ್ಗ. ಜಾಲಿಮುಳ್ಳು ಒಳ್ಗೇ ಮುರ್ಕಂಡು ಕೀವಾಗಿತ್ತು. ಅನ್ನ ಕಲ್ಸಕ್ಕಾಯ್ತಿರ್ನಿಲ್ಲ, ನಾನೇ ಕಲ್ಸಿ ತಿನ್ನುಸ್ತಿದ್ದಿ." ಮುದುಕಿ ತನ್ನ ಅಂಗೈ ನೋಡಿಕೊಂಡಳು. "ಸಿನಿಮಾದವ್ರು ಅವ್ಳ ಕೈಯ ತಕ್ಕೋಗಿ ಪಟೇಲಂಗ ಕೊಟ್ಬುಟ್ರಾ?"

ಭವ್ಯ ಮೊರವನ್ನು ತನ್ನ ಕಡೆ ಎಳೆದುಕೊಂಡಳು. ಸ್ವಲ್ಪ ಹೊತ್ತು ಕೂತು ಅವಳ ಜೊತೆ ಅವರೆಕಾಯಿ ಸುಲಿದಳು. ಎದ್ದು ಹೊರಡುವಾಗ ಒಳಗಿದ್ದ ರಮ್ಯಳನ್ನು ಕೂಗಿ, "ಬೆಳಿಗ್ಗೆ ಬೇಗ ಬಾ. ರಂಗೋಲಿ ಪುಡಿ ಇದ್ದಷ್ಟೂ ತಕ್ಕಂಡ್ ಬಾ," ಎಂದಳು.

ಭಾನುವಾರ ಬೆಳಿಗ್ಗೆ ಬೀದಿಯ ತುಂಬ ಹೆಂಗಸರಿದ್ದರು. ಸಗಣಿ ನೀರು ಹಾಕಿ, ಚುಕ್ಕಿ ಇಟ್ಟು, ನವಿಲು ತಾವರೆ ಎಳೆಯುತ್ತಿದ್ದರು. ಗ್ರಂಥಾಲಯದ ಮುಂದೆ ಭವ್ಯ ಚುಕ್ಕಿ ಇಡಲಿಲ್ಲ. ಮೆಟ್ಟಿಲ ಬುಡದಿಂದ ಶುರುಮಾಡಿ ಎದುರಿನ ಚರಂಡಿಯ ಅಂಚಿನವರೆಗೆ, ಒಂದೊಂದು ಅಕ್ಷರವೂ ಒಂದೊಂದು ಮೊರದಷ್ಟು ದೊಡ್ಡದಾಗಿ ಬರೆಯುತ್ತ ಹೋದಳು. ರಮ್ಯ, ಶಿವಮಲ್ಲು ಹಿಂದೆಯೇ ಬಣ್ಣ ತುಂಬಿದರು.

'ಬರೋ ಸಿನಿಮಾ: ಚಿನ್ನದಂಥ ಪಟೇಲ. ಓದೋ ಪುಸ್ತಕ: ಕೆಂಪಮ್ಮನ ಬೀದಿ.'

ಕೆಳಗೆ ಇನ್ನೂ ದಪ್ಪಗೆ, 'ಮುಳ್ಳು ಕಿತ್ತವಳು ಕೆಂಪಮ್ಮ.'

ಎದುರುಮನೆಯ ಬಾಗಿಲಲ್ಲಿ ಶಿವರಂಜನಿ ತನ್ನ ರಂಗೋಲಿ ಮುಗಿಸಿ ಸೊಂಟ ನೆಟ್ಟಗೆ ಮಾಡಿದಳು. ಅಕ್ಷರಗಳು ಅವಳ ಅಂಗಳದವರೆಗೂ ಬಂದಿದ್ದವು. ತುಟಿಯಾಡಿಸುತ್ತ ಓದಿದಳು. ಭವ್ಯಳ ಮುಖ ನೋಡಿದಳು. ತಿರುಗಿ ಒಳಗೆ ಹೋದಳು.

"ಅಕ್ಕ, ಫೋನ್ ಮಾಡಕ್ಕ ಹೋದ್ರು," ಶಿವಮಲ್ಲು ಪಿಸುಗುಟ್ಟಿದ.

"ಮಾಡ್ಲಿ. ನೀನು ಬಣ್ಣ ತುಂಬು."

ಬಿಸಿಲು ಏರುವ ಹೊತ್ತಿಗೆ ಬೀದಿಯ ತುದಿಯಲ್ಲಿ ವ್ಯಾನುಗಳು ನಿಂತವು. ತಮಟೆ ಶುರುವಾಯಿತು. ಮುಂದೆ ಮೃತ್ಯುಂಜಯ, ಹೆಗಲಿಗೆ ಜರಿ ಶಲ್ಯ. ಅವನ ಪಕ್ಕ ನಾಯಕಿ, ಡೈರೆಕ್ಟರು, ಕ್ಯಾಮೆರಾ ಹೊತ್ತ ಇಬ್ಬರು. ಹಿಂದೆ ಅರ್ಧ ಊರು. ನವಿಲು, ತಾವರೆಗಳ ಪಕ್ಕದಲ್ಲಿ ಸರಿದು, ಮೆಚ್ಚುತ್ತ ಬಂದರು. ಗ್ರಂಥಾಲಯದ ಮುಂದೆ ಬಂದವರು ನಿಂತರು.

ಪಕ್ಕದಲ್ಲಿ ಸರಿಯಲು ಜಾಗವಿರಲಿಲ್ಲ. ರಂಗೋಲಿಯ ಮೇಲೆ ಕಾಲಿಡಲು ಯಾರಿಗೂ ಮನಸ್ಸು ಬರಲಿಲ್ಲ. ಹಿಂದಿನವರು ಮುಂದಿನವರನ್ನು ತಳ್ಳಿದರು, ಮುಂದಿನವರು ಬೆರಳ ತುದಿಯಲ್ಲಿ ನಿಂತು ತಡೆದುಕೊಂಡರು. ತಮಟೆಯವನು ಏನು ಮಾಡಬೇಕೋ ತೋಚದೆ ನಿಲ್ಲಿಸಿದ. ಆ ಮೌನದಲ್ಲಿ ನಾಯಕಿ ಕನ್ನಡಕ ಮೇಲೆತ್ತಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು.

"ಮುಳ್ಳು ಕಿತ್ತವಳು ಕೆಂಪಮ್ಮ... ಕೆಂಪಮ್ಮ ಅಂದ್ರೆ ನಾನೇ ಅಲ್ವಾ ಸಾರ್? ನನಗೆ ಆ ಸೀನೇ ಇಲ್ಲವಲ್ಲ?"

ಡೈರೆಕ್ಟರು ಫೋನು ತೆಗೆದು ಏನೋ ನೋಡತೊಡಗಿದರು. ಕ್ಯಾಮೆರಾದವನೊಬ್ಬ ಮಾತ್ರ ಕೆಂಪುದೀಪ ಹೊತ್ತಿಸಿ ಕ್ಯಾಮೆರಾವನ್ನು ಅಕ್ಷರಗಳ ಮೇಲೆ ನಿಧಾನವಾಗಿ ತಿರುಗಿಸಿದ.

"ಯಾರು ಬರ್ದೋರು ಇದ್ನ?" ಮೃತ್ಯುಂಜಯನ ದನಿ ಒಡೆಯಿತು.

ರಮ್ಯ ಮುಂದೆ ಬರಲು ಹೊರಟಳು. ಭವ್ಯ ಅವಳ ಭುಜ ಹಿಡಿದು ಹಿಂದೆ ಸರಿಸಿ ತಾನು ಮೆಟ್ಟಿಲಿಳಿದು ನಿಂತಳು. ಅವಳ ಮೊಣಕೈವರೆಗೂ ಬಣ್ಣವಿತ್ತು.

"ನಾನು."

"ಎಷ್ಟು ಪೊಗರು ನಿಂಗೆ! ನಾಳೆಯಿಂದ ಈ ಕಡೆ ತಲೆ ಹಾಕ್ಕೂಡ್ದು."

"ನಾಳೆ ಸೋಮವಾರ, ಹೆಂಗಿದ್ರೂ ಲೈಬ್ರರಿಗೆ ರಜ," ಭವ್ಯ ಹೇಳಿದಳು. "ಮಂಗಳವಾರ ಬತ್ತೀನಿ. ಬಂದು ಬಾಗ್ಲು ತೆಗೀತೀನಿ."

ಹಿಂದೆ ಯಾರೋ ಕಿಸಕ್ಕೆಂದರು. ಮೃತ್ಯುಂಜಯ ತಿರುಗಿ ನೋಡಿದ. ನಕ್ಕವರ ಮುಖ ಸಿಗಲಿಲ್ಲ, ಕಣ್ಣಿಗೆ ಸಿಕ್ಕಿದ್ದು ಮಗ ದಿಲೀಪನ ಮುಖ. ಅವನು ಅಪ್ಪನನ್ನು ನೆಟ್ಟಗೆ ನೋಡುತ್ತಿದ್ದ.

"ಲೇ, ರಂಜನಿ!" ಮನೆಯ ಕಡೆ ತಿರುಗಿ ಕೂಗಿದ. "ನೀರ್ ತಕಂಡ್ ಬಾರೆ! ಒಂದ್ ಬಕೀಟ್ ಉಯ್ದು ತೊಳ್ದಾಕು ಇದ್ನ!"

ಬೀದಿಯಲ್ಲಿದ್ದವರೆಲ್ಲ ಆ ಬಾಗಿಲನ್ನೇ ನೋಡಿದರು. ಒಳಗೆ ನಲ್ಲಿ ತಿರುಗಿಸಿದ ಸದ್ದು, ಬಕೀಟು ತುಂಬುವ ಸದ್ದು. ರಮ್ಯ ಭವ್ಯಳ ಕೈ ಹಿಡಿದುಕೊಂಡಳು. ಇಬ್ಬರ ಕೈಯಲ್ಲೂ ಪುಡಿ ಒರಟಾಗಿ ಹತ್ತಿತು.

ಶಿವರಂಜನಿ ತುಂಬಿದ ಬಕೀಟು ಹಿಡಿದು ಹೊರಗೆ ಬಂದಳು. ನೀರು ತುಳುಕದ ಹಾಗೆ ಮೆಲ್ಲಗೆ ಮೆಟ್ಟಿಲಿಳಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಕ್ಷರಗಳ ಅಂಚಿಗೆ ಬಂದು ನಿಂತಳು.

"ಉಯ್ಯೇ, ಏನ್ ನೋಡ್ತಿದ್ದೀಯೆ?"

"ನಾ ಬುಡ್ದೆ ಇರೋ ರಂಗೋಲಿಯ ನಾನು ತೊಳ್ಯಕಿಲ್ಲ," ಶಿವರಂಜನಿ ಹೇಳಿದಳು. ದನಿ ಏರಿಸಿರಲಿಲ್ಲ. ಆದರೂ ತಮಟೆಯವನವರೆಗೂ ಕೇಳಿಸಿತು.

ಬಕೀಟನ್ನು ಎಡಗೈಯಿಂದ ಬಲಗೈಗೆ ಬದಲಿಸಿ, ಮನೆಯ ಗೋಡೆಯ ಮಗ್ಗುಲಿಗೆ ಕಟ್ಟಿದ್ದ ಎಮ್ಮೆಯ ಹತ್ತಿರ ಹೋದಳು. ಅದರ ಮುಂದೆ ಬಕೀಟು ಇಳಿಸಿ, ಕೊರಳ ಹಗ್ಗವನ್ನು ಸ್ವಲ್ಪ ಸಡಿಲ ಮಾಡಿದಳು. ಎಮ್ಮೆ ಮೂತಿಯನ್ನು ಮೂಗಿನವರೆಗೂ ಮುಳುಗಿಸಿ ಕುಡಿಯತೊಡಗಿತು. ಅಷ್ಟೂ ಜನ ನಿಂತು ನೋಡುತ್ತಿದ್ದರು. ಅದು ತಲೆ ಎತ್ತಲಿಲ್ಲ, ಬಕೀಟಿನ ತಳ ಕಾಣುವವರೆಗೂ.