ಆಕಾಶ ನೋಡುವ ಹೆಬ್ಬೆರಳು

ಕಾಮ್‌ಹೋ ತುರುಬು ಕಟ್ಟಿದ ದಿನವೇ ಅವಳ ಮದುವೆಯ ಮಾತು ಮುಗಿದಿತ್ತು. ಶುಂಟಾಕ್ ಸೀಮೆಯ ರೇಷ್ಮೆ ಕಾರ್ಖಾನೆಗಳ ಹುಡುಗಿಯರಲ್ಲಿ ಹಾಗೆ ಮಾಡುವವರು ಆಗ ಬಹಳ ಮಂದಿ. ದೇವಿಯ ಮುಂದೆ ಜಡೆ ಬಿಚ್ಚಿ ತನ್ನ ಕೈಯಾರೆ ತುರುಬು ಕಟ್ಟಿಕೊಂಡರೆ ಗಂಡನ ಹಂಗು ತಪ್ಪಿತು. ದುಡಿದದ್ದು ತನ್ನದು, ಸತ್ತರೆ ಹೊರುವುದಕ್ಕೆ ತುರುಬಿನ ಅಕ್ಕತಂಗಿಯರ ಮನೆ ಇತ್ತು. ಆದರೆ ಆ ತುರುಬು ಗಂಡಸಿನ ಕೈಯಲ್ಲಿ ಬಿಚ್ಚಿತೋ, ಆ ಮನೆಯ ಬಾಗಿಲು ಮುಚ್ಚಿದಂತೆಯೇ. ಒಲಿದು ಹೋದಳೋ, ಎಳೆದುಕೊಂಡು ಹೋದರೋ ಎಂದು ಯಾರೂ ಕೇಳುವುದಿಲ್ಲ. ಅಂಥವಳನ್ನು ಹಂದಿ ಸಾಗಿಸುವ ಬುಟ್ಟಿಯಲ್ಲಿ ತುರುಕಿ ಹೊಳೆಗೆ ಬಿಟ್ಟದ್ದೂ ಉಂಟು. ಬಿಟ್ಟವರು ಹೆಂಗಸರೇ, ಅದನ್ನೂ ಹೇಳಿಬಿಡಬೇಕು.

ಆ ತುರುಬಿನ ಮೇಲೆ ಬಿಯು ಕಣ್ಣು ಹಾಕಿದ್ದ. ಅವನು ಊರ ಕಾವಲುಪಡೆಯ ನಾಯಕ. ಹಿಪ್ಪುನೇರಳೆ ತೋಟಗಳ ನಡುವೆ, ಮೀನುಕೆರೆಗಳ ಏರಿಯ ಮೇಲೆ ಕಾರ್ಖಾನೆಯ ಹೆಂಗಸರು ನೆಮ್ಮದಿಯಾಗಿ ನಡೆಯಲಿ ಎಂದು ಸಂಬಳ ಕೊಟ್ಟು ಇಟ್ಟುಕೊಂಡವನು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಯಾರಿಗೆ?

“ಏನು ಚೆಂದ ಕಟ್ಟಿದೀಯ ತುರುಬು,” ಎಂದಿದ್ದ ಒಂದು ಸಂಜೆ, ದಾರಿಗೆ ಅಡ್ಡ ನಿಂತು. “ಬಿಚ್ಚಿದ್ರೆ ಇನ್ನೂ ಚೆಂದ ಇರುತ್ತೆ. ಒಂದಿನ ನಾನೇ ಬಿಚ್ತೀನಿ. ಅವಸರ ಏನಿಲ್ಲ.”

ಕಾಮ್‌ಹೋ ತುರುಬಿನ ಮನೆಯ ಹಿರಿಯಕ್ಕನಿಗೆ ಹೇಳಿದಳು. ಅಕ್ಕ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ನೀನು ನಕ್ಕಿರ್ಬೇಕು.”

“ನಕ್ಕಿಲ್ಲ ಅಕ್ಕ. ತಲೆ ತಗ್ಗಿಸ್ಕೊಂಡೇ ಬರ್ತೀನಿ.”

“ಹಾಗಾದ್ರೆ ಇನ್ನೂ ತಗ್ಗಿಸು.”

ತಗ್ಗಿಸಲು ಇನ್ನು ಕತ್ತು ಉಳಿದಿರಲಿಲ್ಲ. ಹಾಗಾಗಿ ಕಾಮ್‌ಹೋ ಆವ್ ಗುರುಗಳ ಬಾಗಿಲಿಗೆ ಹೋದಳು. ಅವರು ಮುರಿದ ಮೂಳೆ ಕಟ್ಟುವ ಮುದುಕ. ಒಂದು ಕಾಲದಲ್ಲಿ ವಿಂಗ್ ಚುನ್ ಎಂಬ ಬರಿಗೈ ಕಾಳಗದ ವರಸೆಯಲ್ಲಿ ಆ ಸೀಮೆಗೆಲ್ಲ ಅವರದೇ ಕೈ ಎಂದು ಹೆಸರು.

“ನನಗೆ ಪೂರ್ತಿ ವಿದ್ಯೆ ಬೇಡ ಗುರುಗಳೇ. ಹಿಡಿದವನ ಕೈ ಬಿಡಿಸ್ಕೊಳ್ಳೋಕೆ ಬಂದ್ರೆ ಸಾಕು.”

“ಹಿಡಿಯೋನು ಯಾರು?”

“ಕಾವಲಿನ ಬಿಯು.”

ಮುದುಕ ಎಣ್ಣೆಯ ಶೀಶೆಗೆ ಬಿರಡೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. “ಚೂರುಪಾರು ವಿದ್ಯೆ ನಾನು ಕೊಡಲ್ಲ. ಮಂಡಿಯೂರಿ ಚಹಾ ಕೊಡು. ಶಿಷ್ಯೆ ಆಗು. ಆಗ ಕಲಿಸ್ತೀನಿ.”

ಅವಳ ಎದೆ ತುಂಬಿ ಬಂತು. ಕೂಲಿ ಹೆಂಗಸಿಗೆ ಇಂಥ ಮರ್ಯಾದೆ ಯಾರು ಕೊಡುತ್ತಾರೆ? ಮಂಡಿಯೂರಿ ಬಟ್ಟಲು ನೀಡಿದಳು. ಗುರುಗಳು ಹೇಳಿದ್ದನ್ನು ಹಿಂದೆಯೇ ಒಪ್ಪಿಸಿದಳು: ಗುರುವಿಗೆ ಎದುರಾಡುವುದಿಲ್ಲ, ಕೈಲಾಗದವರನ್ನು ಹೊಡೆಯುವುದಿಲ್ಲ, ಇದೇ ಬಾಗಿಲಲ್ಲಿ ಮಂಡಿಯೂರಿದವರ ಮೇಲೆ ಕೈ ಎತ್ತುವುದಿಲ್ಲ. ಗುರುಗಳು ಚಹಾ ಕುಡಿದು, ಬಟ್ಟಲು ತೊಳೆದು, ತೀರಿಹೋದ ಹಿರಿಯರ ಹೆಸರು ಕೆತ್ತಿದ ಹಲಗೆಯ ಕೆಳಗಿನ ಗೂಡಿನಲ್ಲಿಟ್ಟರು. ಅಲ್ಲಿ ಆಗಲೇ ಒಂದು ನೀಲಿ ಬಟ್ಟಲಿತ್ತು.

“ಅದು ಯಾರದು?”

“ದೊಡ್ಡ ಶಿಷ್ಯನದು. ಈಗ ಈ ಕಡೆ ಬರೋದು ಕಡಿಮೆ. ತಿಂಗಳಿಗೊಮ್ಮೆ ಅಕ್ಕಿ ಕಳಿಸ್ತಾನೆ.”

ಅವಳು ಮತ್ತೆ ಕೇಳಲಿಲ್ಲ. ಗುರುವನ್ನು ಪ್ರಶ್ನೆ ಕೇಳಿ ಕಾಡುವ ಅಭ್ಯಾಸ ಆ ಕಡೆಯವರಿಗೆ ಇಲ್ಲ. ಆ ದಿನ ಇನ್ನೊಂದು ಮಾತು ಕೇಳಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು.

ಕುದಿಯುವ ನೀರಿನಲ್ಲಿ ರೇಷ್ಮೆಗೂಡು ಕಲಸಿ ನೂಲು ತೆಗೆದು ತೆಗೆದು ಅವಳ ಬೆರಳುಗಳು ಬೆಂದ ಶುಂಠಿಯ ಹಾಗಾಗಿದ್ದವು. ಗುರುಗಳು ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ಮುಂಗೈಗೆ ಮುಂಗೈ ತಾಗಿಸಿ, ಅಂಟಿದ ಕೈಗಳನ್ನು ಬಿಡದೆ ಉರುಳಿಸುತ್ತಿದ್ದರು.

“ಕಣ್ಣು ಸುಳ್ಳು ಹೇಳುತ್ತೆ. ಚರ್ಮ ಹೇಳಲ್ಲ. ನಾನು ತಳ್ಳೋಕೆ ಮೊದಲೇ ನಿನಗೆ ಗೊತ್ತಾಗ್ಬೇಕು.”

“ಚರ್ಮ ಸತ್ತೇ ಹೋಗಿದೆ ಗುರುಗಳೇ.”

“ಬೆರಳು ಸತ್ತಿದೆ, ಮುಂಗೈ ಸತ್ತಿಲ್ಲವಲ್ಲ. ಈ ವರಸೆ ಕಟ್ಟಿದ್ದು ಒಬ್ಬ ಹೆಂಗಸು ಅಂತಾರೆ. ನೀನು ನೋಡಿದ್ರೆ ಮೀನಿನ ಹೊಟ್ಟೆ ಸವರೋ ಹಾಗೆ ಸವರ್ತಿದೀಯ.”

ವರಸೆಯ ಜೊತೆಗೆ ಅಂಗಡಿಯ ಕೆಲಸವೂ ಶಿಷ್ಯೆಯದೇ. ಮೂಳೆ ಮುರಿದುಕೊಂಡು ಬಂದವರನ್ನು ಅವಳು ಅದುಮಿ ಹಿಡಿಯಬೇಕು, ಗುರುಗಳು ಎಳೆದು ಕೂರಿಸಿ ಬಿದಿರಿನ ದಬ್ಬೆ ಕಟ್ಟಬೇಕು. ಮುರಿದ ಕೈ ಕಟ್ಟುವ ಮೊದಲು ಪ್ರತಿ ಸಲವೂ ಅವಳಿಗೆ ತೋರಿಸುತ್ತಿದ್ದರು. “ಹೆಬ್ಬೆರಳು ಆಕಾಶ ನೋಡ್ಬೇಕು. ಹೊಟ್ಟೆ ನೋಡ್ತು ಅಂದ್ರೆ ಆ ಕೈ ಮತ್ತೆ ಅನ್ನದ ಬಟ್ಟಲು ಎತ್ತಲ್ಲ. ಶತ್ರು ಬಂದ್ರೂ ಆಕಾಶವೇ. ಇಲ್ಲಿ ಮಲಗಿದ ಮೇಲೆ ಅವನು ಶತ್ರು ಅಲ್ಲ.”

ಒಂದು ವರ್ಷ ಬಿಯು ಮಾತಿನಲ್ಲೇ ಉಳಿದ. ಮುಂದಿನ ಚಳಿಗಾಲದ ಒಂದು ಬೆಳಗಿನ ಜಾವ, ಕೆರೆಯ ಮೇಲೆ ಮಂಜು ಕವಿದಿತ್ತು. ಜೊತೆಯ ಹೆಂಗಸರು ಮುಂದೆ ಹೋಗಿದ್ದರು. ಕಾಮ್‌ಹೋಗೆ ಜ್ವರವಿದ್ದು ಹಿಂದೆ ಬಿದ್ದಿದ್ದಳು. ಮಂಜಿನೊಳಗಿಂದ ಒಂದು ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು.

ಅವಳು ಯೋಚಿಸುವ ಮೊದಲೇ ಕೈ ತಿರುಗಿ ಹಿಡಿತ ಬಿಡಿಸಿತು. ಎದುರಿನ ಕೈ ಮತ್ತೆ ಬಂತು, ಇವಳ ಮುಂಗೈಗೆ ಅಂಟಿತು. ಎರಡೂ ಒಂದು ಸುತ್ತು ಉರುಳಿದವು. ದಿನವೂ ಗುರುಗಳ ಕೈಯಲ್ಲಿ ಮುಟ್ಟಿ ಬಲ್ಲ ತೂಕ, ಅದೇ ತಿರುವು.

ಬಿಯು ನಕ್ಕ. “ಓಹೋ. ಮುದುಕ ಹೇಳಿದ್ದು ನಿಜ. ನೀನೇನಾ ಹೊಸ ತಂಗಿ?”

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ನೀಲಿ ಬಟ್ಟಲು ನಂದೇ. ಆಣೆ ನೆನಪಿದೆ ತಾನೆ? ಅಣ್ಣನ ಮೇಲೆ ಕೈ ಎತ್ತೋ ಹಾಗಿಲ್ಲ.”

ಎಂಥ ಹುಚ್ಚಿ ಎನ್ನಿ, ಅವಳ ಕೈ ನಿಜಕ್ಕೂ ಕೆಳಗಿಳಿಯಿತು. ಮಂಡಿಯೂರಿ ಆಡಿದ ಮಾತು ಅವಳಿಗೆ ಮಾತೇ ಆಗಿತ್ತು. ಅಷ್ಟರಲ್ಲಿ ಅವನು ಅವಳನ್ನು ಏರಿಯ ಕೆಸರಿಗೆ ಕೆಡವಿ, ಬಾಯಿಗೆ ಕೈ ಒತ್ತಿ, ಇನ್ನೊಂದು ಕೈ ತುರುಬಿಗೆ ಹಾಕಿದ. ಪಿನ್ನು ಕಿತ್ತು ಬಂತು. ಕೂದಲು ಕೆನ್ನೆಯ ಮೇಲೆ ಬಿದ್ದದ್ದೇ ತಡ, ಅವಳಿಗೆ ಹಂದಿ ಬುಟ್ಟಿ ಕಂಡಿತು. ಆಣೆ ಹಾಳಾಗಲಿ ಎಂದುಕೊಂಡಳು. ತುರುಬಿನ ಮೇಲಿದ್ದ ಕೈಯನ್ನು ಎರಡೂ ಕೈಯಲ್ಲಿ ಕಚ್ಚಿ ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ ತಿರುಗಿದಳು. ಹಸಿ ಬಿದಿರು ಮುರಿದ ಸದ್ದಾಯಿತು. ಅವನು ಕೂಗಿದ್ದು ಆಚೆ ದಡಕ್ಕೂ ಕೇಳಿರಬೇಕು.

ಅವಳು ಮನೆಗೆ ಓಡಲಿಲ್ಲ, ಬಿಚ್ಚಿದ ಕೂದಲಲ್ಲಿ ಅಲ್ಲಿಗೆ ಹೋಗುವಂತಿಲ್ಲ. ಗುರುಗಳ ಅಂಗಡಿಗೆ ಓಡಿದಳು.

“ಗೊತ್ತಿದ್ದೇ ನನ್ನ ಚಹಾ ಕುಡಿದ್ರಿ,” ಎಂದಳು, ಬಾಗಿಲಲ್ಲೇ ನಿಂತು.

ಗುರುಗಳು ಅವಳ ಕೂದಲು ನೋಡಿದರು. “ಹೌದು. ಅವನನ್ನ ಮಗನ ಹಾಗೆ ಸಾಕಿದ್ದೆ. ನಿನ್ನ ಕೈ ಅವನ ಮೇಲೆ ಏಳಬಾರದು, ಅವನ ಕೈ ನಿನ್ನ ಮೇಲೆ ಬೀಳಬಾರದು. ಇಬ್ಬರನ್ನೂ ಒಂದೇ ಆಣೆಯಲ್ಲಿ ಕಟ್ಟಿದ್ರೆ ಆಯ್ತು ಅಂದ್ಕೊಂಡೆ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮುದುಕನ ಲೆಕ್ಕ. ಅವಳಿಗೆ ಅಳು ಬರಲಿಲ್ಲ, ಅಸಹ್ಯವಾಯಿತು. ಹಿಂದಿನ ಕೋಣೆಗೆ ಹೋಗಿ ತುರುಬು ಕಟ್ಟಿಕೊಂಡಳು. ಪಿನ್ನು ಕೆಸರಲ್ಲೇ ಉಳಿದಿದ್ದರಿಂದ ಬಹಳ ಹೊತ್ತು ಹಿಡಿಯಿತು.

ಹೊರಗೆ ಬರುವಾಗ ಬಿಯು ಮಂಚದ ಮೇಲೆ ಮಲಗಿದ್ದ; ಹೊತ್ತು ತಂದ ಕಾವಲಿನವರು ಬೀದಿಯಲ್ಲಿ ಕಾದಿದ್ದರು. ಮುಖ ಬೂದಿಯಾಗಿತ್ತು. ಅವಳನ್ನು ಕಂಡು ಹಲ್ಲು ಕಡಿದ.

“ಮೊದಲು ಇವಳ ಬಟ್ಟಲು ಒಡೆದು ಹಾಕಿ ಗುರುಗಳೇ. ಆಣೆ ಮುರಿದಿದಾಳೆ.”

“ಇವಳು ನಿನ್ನ ತಂಗಿ ಅಂತ ನಿನಗೆ ಹೇಳಿದ್ನಾ, ಇಲ್ವಾ?” ಗುರುಗಳು ಮೆಲ್ಲಗೆ ಕೇಳಿದರು.

“ಹೇಳಿದ್ರಿ. ಹುಳ ಬೇಯಿಸೋಳು ಯಾವ ಸೀಮೆ ತಂಗಿ? ನಿಮ್ಮ ಅನ್ನಕ್ಕೆ ಅಕ್ಕಿ ಕಳಿಸೋನು ನಾನು. ಬೇಗ ಕಟ್ಟಿ.”

“ಕಾಮ್‌ಹೋ, ಹೆಗಲು ಹಿಡ್ಕೋ,” ಎಂದರು ಗುರುಗಳು.

ಹಿಡಿದಳು. ಗುರುಗಳು ಎಳೆದರು, ಬಿಯು ಚೀರಿ ಪ್ರಜ್ಞೆ ತಪ್ಪಿದ. ಮೂಳೆ ಕೂತ ಸದ್ದು ಅವಳ ಕೈಗೇ ತಿಳಿಯಿತು. ಆಮೇಲೆ ಗುರುಗಳು ಆ ಕೈಯನ್ನು ಎರಡೂ ಅಂಗೈಯಲ್ಲಿ ಹಿಡಿದು ಗೂಡಿನ ನೀಲಿ ಬಟ್ಟಲಿನ ಕಡೆ ನೋಡಿದರು. ನಂತರ ನಿಧಾನವಾಗಿ, ಕೂತ ಮೂಳೆಯನ್ನು ಮತ್ತೆ ಜರುಗಿಸಿ, ಒಳಕ್ಕೆ ತಿರುಗಿಸಿದರು. ಹೆಬ್ಬೆರಳು ಹೊಟ್ಟೆ ನೋಡಿತು. ಹಾಗೆಯೇ ದಬ್ಬೆ ಇಟ್ಟು, ಬಟ್ಟೆ ಸುತ್ತಿ, ಗಟ್ಟಿಯಾಗಿ ಕಟ್ಟಿದರು.

ಕಾಮ್‌ಹೋ ನೋಡಿದಳು. ಒಂದು ಮಾತು ಸಾಕಿತ್ತು. ಅವಳು ಆಡಲಿಲ್ಲ.

ಕಾವಲಿನವರು ಅವನನ್ನು ಹೊತ್ತುಕೊಂಡು ಹೋದ ಮೇಲೆ ಗುರುಗಳು ಕೈ ತೊಳೆದರು, ಒರೆಸಿದರು, ಮತ್ತೆ ತೊಳೆದರು.

“ನೋಡಿದೆ ತಾನೆ?”

“ನೋಡಿದೆ.”

“ಹೇಳ್ಬಹುದಿತ್ತು.”

“ನೀವೂ ಹೇಳ್ಬಹುದಿತ್ತು ಗುರುಗಳೇ, ಆ ಚಹಾ ಕುಡಿಯೋ ಮೊದಲು.”

ಮುದುಕ ತಲೆಯಾಡಿಸಿದರು. ಗೂಡಿನಿಂದ ಅವಳ ಬಟ್ಟಲು ತೆಗೆದು ಅವಳ ಕೈಗಿಟ್ಟರು. ಒಡೆಯಲಿಲ್ಲ. ಆಮೇಲೆ ಸ್ಟೂಲು ಹತ್ತಿ ಬಾಗಿಲ ಮೇಲಿನ ಮೂಳೆ ವೈದ್ಯದ ಹಲಗೆ ಇಳಿಸತೊಡಗಿದರು. ಮೊಳೆ ತುಕ್ಕು ಹಿಡಿದಿತ್ತು, ಬರಲಿಲ್ಲ. ಅವಳು ಬಟ್ಟಲನ್ನು ನೆಲದ ಮೇಲಿಟ್ಟು, ಮುದುಕ ಬೀಳದ ಹಾಗೆ ಸ್ಟೂಲು ಹಿಡಿದುಕೊಂಡು ನಿಂತಳು.