ಉಳುಕು ತೆಗೆಯುವ ಕೈ

ಶಿವಮ್ಮ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಮುಟ್ಟಿದರೆ ಉಳುಕು ಬಿಡುತ್ತದೆಂದು ಗುಂಡ್ಲುಪೇಟೆ ಕಡೆಯಿಂದ ಗಡಿ ದಾಟಿ ನೂಲ್ಪುಳಕ್ಕೆ ಬಂದು, ಕಾಡಂಚಿನಲ್ಲಿ ಗದ್ದೆ ಮಾಡಿಕೊಂಡವರೆಲ್ಲ ನಂಬಿದ್ದರು. ಸೊಂಟಕ್ಕಾದರೆ ಕಾಲಿನಿಂದ ನೀವುತ್ತಿದ್ದಳು. ಕತ್ತಿಗಾದರೆ ಹರಳೆಣ್ಣೆ ಸವರಿ, ಗಲ್ಲ ಹಿಡಿದು ಲಟಕ್ಕನೆ ತಿರುಗಿಸುತ್ತಿದ್ದಳು. ಯಾರಿಗೂ ಕೆಟ್ಟದ್ದಾಗಿರಲಿಲ್ಲ. ಮುದುಕಿಗೆ ಅದರ ಜಂಬವೂ ಇತ್ತು, ಇರಲಿ ಬಿಡಿ.

ಸುಗ್ಗಿಯಲ್ಲಿ ಹಿರಿಯ ಮೊಮ್ಮಗಳು, ಒಂಬತ್ತು ವರ್ಷದ ಚಿಕ್ಕತಾಯಿ, ಭತ್ತದ ಹೊರೆ ಹೊತ್ತು ಬಂದು ಕತ್ತು ನೋವೆಂದು ಅತ್ತಳು. ಮಗ ಸೊಸೆ ಇಬ್ಬರೂ ಗದ್ದೆಯಲ್ಲಿದ್ದರು. ಶಿವಮ್ಮ ಉಳುಕು ತೆಗೆದಳು. ಸಂಜೆಯೊಳಗೆ ಹುಡುಗಿಯ ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಮೂರನೆಯ ದಿನ ಮಣ್ಣು ಮಾಡಿದರು. ಏನಾಯಿತೆಂದು ಎಲ್ಲರೂ ಕೇಳಿದರು. ತಾನು ಕೈ ಹಾಕಿದ್ದನ್ನು ಶಿವಮ್ಮ ಬಾಯಿಬಿಡಲಿಲ್ಲ. ಭಯವಾಗಿತ್ತು, ಅಷ್ಟೇ.

ಮರುವರ್ಷ ಕಿರಿಯವಳಾದ ಮಾದೇವಿಗೂ ತಲೆಸುತ್ತು ಶುರುವಾಯಿತು, ಎಡಗೈ ಜೋಮು ಹಿಡಿಯಿತು. ಈ ಸಲ ಸೊಸೆ ನಾಗರತ್ನಮ್ಮ ಯಾರ ಮಾತೂ ಕೇಳದೆ ಮಗುವನ್ನೆತ್ತಿಕೊಂಡು, ಬತ್ತೇರಿಯಲ್ಲಿ ಬಸ್ಸು ಹತ್ತಿ ಕಲ್ಲಿಕೋಟೆಯ ಆಸ್ಪತ್ರೆಗೆ ಹೋದಳು. ಹನ್ನೆರಡು ದಿನಕ್ಕೆ ತಿರುಗಿ ಬಂದು, ಮಗಳನ್ನು ಜಗಲಿಯಲ್ಲಿ ಕೂರಿಸಿ ಅತ್ತೆಯ ಪಕ್ಕ ಕುಳಿತಳು.

“ನರಕ್ಕೆ ಮದ್ದು ಬುಟ್ಟು ಪಟ ತೆಗ್ದ್ರು ಕನತ್ತೆ. ಕತ್ನಲ್ಲಿ ತಲೆಗೆ ರಕ್ತ ಓಗೋ ನಾಳ ಉಟ್ಟುವಾಗ್ಲೇ ಸಣ್ಣಕ್ಕೆ ಸೊಟ್ಟಕ್ಕೆ ಅದಂತೆ. ಒಡವುಟ್ದೋರ್ಗೂ ಇರ್ತದಂತೆ. ದೊಡ್ಡವ್ಳಿಗೂ ಅದೇ ಇದ್ದಿರ್ಬೇಕು ಅಂದ್ರು. ತಲೆ ಮ್ಯಾಲೆ ಒರೆ ಒರುಸ್ಬ್ಯಾಡಿ, ಕತ್ತ ಮಾತ್ರ ಯಾರೂ ತಿರುಚ್ಬ್ಯಾಡಿ, ತಿರುಚುದ್ರೆ ಪ್ರಾಣವೇ ಓಯ್ತದ ಅಂತ ಒತ್ತಿ ಒತ್ತಿ ಯೋಳುದ್ರು.”

ಶಿವಮ್ಮನ ಎದೆಯ ಭಾರ ಇಳಿದಂತಾಗಿ ಮತ್ತೆ ಏರಿತು. ಹುಟ್ಟಿನಿಂದ ಬಂದದ್ದು ಸರಿ. ತಿರುಚಿದ್ದು ಯಾರು? ಹೇಳಿಬಿಡೋಣವೆಂದು ನಾಲಿಗೆಯ ತುದಿಗೆ ಬಂತು. ಆದರೆ ನಾಗರತ್ನಮ್ಮ ಅವಳ ಕೈ ಹಿಡಿದುಕೊಂಡು, “ಯಾರ ತಪ್ಪೂ ಅಲ್ಲ ಕನತ್ತೆ” ಎಂದು ಅಳುತ್ತಿದ್ದಳು.

ಅಷ್ಟರಲ್ಲಿ ಮಾದೇವಿ ಸರಿದು ಬಂದು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು.

“ಅಜ್ಜಿ, ಕತ್ತು ನೋಯ್ತದ. ಅವತ್ತು ಅಕ್ಕಂಗ ಎಣ್ಣ ಆಕಿ ಲಟ್ ಅನ್ಸುದ್ಯಲ್ಲ, ನಂಗೂ ಅನ್ಸು.”

ನಾಗರತ್ನಮ್ಮನ ಅಳು ನಿಂತಿತು. ಅವಳು ಅತ್ತೆಯ ಮುಖ ನೋಡಿದಳು. ಶಿವಮ್ಮ ತಲೆ ಎತ್ತಲಿಲ್ಲ, ಅದೇ ಉತ್ತರವಾಯಿತು. ಸೊಸೆ ಹಿಡಿದಿದ್ದ ಕೈ ಬಿಟ್ಟಳು. ಮಗಳ ತಲೆಯನ್ನು ಎರಡೂ ಅಂಗೈಯಲ್ಲಿ, ಕತ್ತು ಅಲುಗದಂತೆ, ಅತ್ತೆಯ ತೊಡೆಯಿಂದ ಎತ್ತಿ, ಅವಳನ್ನು ಕರೆದುಕೊಂಡು ಒಳಗೆ ಹೋಗಿ ಅಗುಳಿ ಹಾಕಿದಳು.

ಶಿವಮ್ಮ ಆ ಮನೆಯಲ್ಲಿ ಇನ್ನೂ ಆರು ವರ್ಷ ಬದುಕಿದ್ದಳು. ಮಾದೇವಿಯ ಜಡೆ ಹೆಣೆಯುವುದಕ್ಕೂ ಸೊಸೆ ಅವಳನ್ನು ಬಿಡಲಿಲ್ಲ.